ಸಂಗಮದ ನೀರು, ಮೀಟರಿನ ಲೆಕ್ಕ

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಬರುವ ಭಕ್ತರು ಸಂಗಮನಾಥನ ದರ್ಶನ ಮುಗಿಸಿ ಹೊಳೆಯ ಕಡೆಗೆ ಇಳಿಯುತ್ತಾರೆ. ಮಲಪ್ರಭೆ ಬಂದು ಕೃಷ್ಣೆಯನ್ನು ಸೇರುವ ಆ ಜಾಗದಲ್ಲಿ, ನೀರಿನ ನಡುವೆ, ಬಾವಿಯಂತಹ ದುಂಡನೆಯ ಕಟ್ಟಡವೊಂದು ನಿಂತಿದೆ. ದಂಡೆಯಿಂದ ಅದಕ್ಕೊಂದು ಸೇತುವೆ. ಒಳಗೆ ಮೆಟ್ಟಿಲಿಳಿದು ತಳಕ್ಕೆ ಹೋದರೆ ಬಸವಣ್ಣನವರ ಐಕ್ಯ ಮಂಟಪ. ಜಲಾಶಯ ತುಂಬಿದ ದಿನಗಳಲ್ಲಿ, ಮಂಟಪದ ಮುಂದೆ ಕೈಮುಗಿದು ನಿಂತವರ ತಲೆಗಿಂತ ಎಷ್ಟೋ ಮೇಲೆ, ಗೋಡೆಯ ಆಚೆ, ನದಿಯ ನೀರು ನಿಂತಿರುತ್ತದೆ.

ಹನ್ನೆರಡನೆಯ ಶತಮಾನದ ಶರಣರೊಬ್ಬರ ನೆನಪಿಗೂ ಇಪ್ಪತ್ತನೆಯ ಶತಮಾನದ ಕಾಂಕ್ರೀಟಿಗೂ ಇಲ್ಲಿ ಹೀಗೊಂದು ರಾಜಿ ಆಗಿದೆ. ಆದರೆ ಕೃಷ್ಣೆಯ ದಂಡೆಯ ಎಲ್ಲ ವಿಷಯಗಳೂ ಇಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಅಣೆಕಟ್ಟಿನ ಎತ್ತರ ಎಂಬುದು ಕಾಗದದ ಮೇಲೆ ಬರೀ ಗಣಿತ. ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದರೆ ಮುಗಿಯಿತು. ಆ ಗಣಿತವನ್ನು ಯಾರು ಮಾಡಬೇಕು, ಯಾರ ಎದುರು ಮಾಡಬೇಕು, ತಪ್ಪಾದರೆ ಯಾರನ್ನು ಕೇಳಬೇಕು ಎಂಬುದು ಮಾತ್ರ ಗಣಿತದ ಪ್ರಶ್ನೆಯಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಅರವತ್ತು ವರ್ಷಗಳ ಇತಿಹಾಸವೆಂದರೆ ಈ ಪ್ರಶ್ನೆಯ ಸುತ್ತ ನಡೆದ ವಾದದ ಇತಿಹಾಸವೇ ಆಗಿದೆ.

ಎರಡು ಅಣೆಕಟ್ಟುಗಳ ನಡುವೆ

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಕೆಲವೇ ದಿನಗಳಲ್ಲಿ ನೆಹರೂ ತೀರಿಕೊಂಡು, ಶಾಸ್ತ್ರಿ ಪ್ರಧಾನಿಯಾದರು. ಯೋಜನೆಯ ಮೂಲ ಕಲ್ಪನೆ ಸರಳವಾದುದು. ಆಲಮಟ್ಟಿಯಲ್ಲಿ ದೊಡ್ಡ ಜಲಾಶಯ ಕಟ್ಟಿ ನೀರು ಹಿಡಿದಿಡುವುದು, ಕೆಳಗೆ ನಾರಾಯಣಪುರದಲ್ಲಿ ಇನ್ನೊಂದು ಜಲಾಶಯ ಕಟ್ಟಿ ಅಲ್ಲಿಂದ ಕಾಲುವೆಗಳಿಗೆ ಬಿಡುವುದು. ಮೊದಲ ಎರಡು ಹಂತಗಳಲ್ಲಿ 6.22 ಲಕ್ಷ ಹೆಕ್ಟೇರ್ ಭೂಮಿಗೆ ನೀರು ಕೊಡುವ ಗುರಿ. ಇದರಲ್ಲಿ ಹೆಚ್ಚಿನ ಪಾಲು ಕಲಬುರ್ಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಒಣ ಬಯಲಿನದು. ಬರಗಾಲ ಬಂದಾಗಲೆಲ್ಲ ಗುಳೆ ಹೋಗುತ್ತಿದ್ದ ಈ ಸೀಮೆಗೆ ಅಣೆಕಟ್ಟು ಎಂದರೆ ಅನ್ನದ ಮಾತಾಗಿತ್ತು. ಯೋಜನೆ ಬೇಗ ಮುಗಿಯಲಿ ಎಂದು ದಶಕಗಟ್ಟಲೆ ಹೋರಾಟ ನಡೆದದ್ದೂ ಇದಕ್ಕಾಗಿಯೇ.

ಕೆಳಗಿನ ನಾರಾಯಣಪುರ ಅಣೆಕಟ್ಟು 1982ರಲ್ಲಿ ಮೊದಲು ಮುಗಿಯಿತು. ಜಲಾಶಯಕ್ಕೆ ಬಸವಸಾಗರ ಎಂದು ಹೆಸರಿಟ್ಟರು. ಅದರ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 492.25 ಮೀಟರ್. ಕೂಡಲಸಂಗಮ ಇರುವುದು ಈ ಜಲಾಶಯದ ಮೇಲ್ತುದಿಯಲ್ಲಿ, ಆಲಮಟ್ಟಿಯಿಂದ ಸ್ವಲ್ಪ ಕೆಳಗೆ. ಹೀಗೆ ಬಸವಣ್ಣನವರ ಹೆಸರು ಹೊತ್ತ ಸಾಗರವೇ ಬಸವಣ್ಣನವರ ಐಕ್ಯಸ್ಥಳವನ್ನು ಮುಳುಗಿಸುವ ವಿಚಿತ್ರ ಸಂದರ್ಭ ಎದುರಾಯಿತು. ಅಣೆಕಟ್ಟುಗಳೇ ಹೊಸ ಭಾರತದ ದೇವಾಲಯಗಳೆಂಬ ನೆಹರೂ ಅವರ ಮಾತು ದೇಶದ ಎಲ್ಲೆಡೆ ರೂಪಕವಾಗಿತ್ತು. ಇಲ್ಲಿ ಮಾತ್ರ ಹೊಸ ದೇವಾಲಯ ಮತ್ತು ಹಳೆಯ ದೇವಾಲಯ ನಿಜವಾಗಿಯೂ ಎದುರುಬದುರಾದವು.

ಇಂತಹ ಸಂದರ್ಭದಲ್ಲಿ ಏನು ಮಾಡಬಹುದು ಎಂಬುದಕ್ಕೆ ಆ ಹೊತ್ತಿಗಾಗಲೇ ಮಾದರಿಗಳಿದ್ದವು. ಇದೇ ಕೃಷ್ಣೆಯ ಕೆಳಭಾಗದಲ್ಲಿ ನಾಗಾರ್ಜುನಸಾಗರ ಕಟ್ಟುವಾಗ, 1954ರಿಂದ 1960ರವರೆಗೆ ನಾಗಾರ್ಜುನಕೊಂಡದ ಬೌದ್ಧ ಅವಶೇಷಗಳನ್ನು ಉತ್ಖನನ ಮಾಡಿ, ಮುಖ್ಯವಾದವನ್ನು ಎತ್ತರದ ಬೆಟ್ಟಕ್ಕೆ ಸಾಗಿಸಿದರು. ಜಲಾಶಯ ತುಂಬಿದ ಮೇಲೆ ಆ ಬೆಟ್ಟವೇ ದ್ವೀಪವಾಯಿತು. ಈಜಿಪ್ಟಿನಲ್ಲಿ ಆಸ್ವಾನ್ ಅಣೆಕಟ್ಟಿನ ನೀರಿನಿಂದ ಅಬು ಸಿಂಬೆಲ್ ದೇವಾಲಯಗಳನ್ನು ಉಳಿಸಲು 1964ರಿಂದ 1968ರವರೆಗೆ ಅವನ್ನು ತುಂಡುತುಂಡಾಗಿ ಕೊಯ್ದು ಎತ್ತರದಲ್ಲಿ ಮರುಜೋಡಿಸಿದರು. ಶ್ರೀಶೈಲ ಜಲಾಶಯದಿಂದಾಗಿ ಮುಳುಗಲಿದ್ದ, ತುಂಗಭದ್ರೆ ಮತ್ತು ಕೃಷ್ಣೆ ಕೂಡುವ ಕೂಡವೆಲ್ಲಿಯ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು.

ಕೂಡಲಸಂಗಮದಲ್ಲಿ ಆ ದಾರಿ ಹಿಡಿಯಲಿಲ್ಲ. ಶಿಲ್ಪವನ್ನು ಬೇರೆಡೆಗೆ ಸಾಗಿಸಬಹುದು, ಆದರೆ ಐಕ್ಯವಾದ ಜಾಗವನ್ನು ಸಾಗಿಸಲಾಗದು. ಎರಡು ನದಿಗಳು ಕೂಡುವ ಬಿಂದುವಿನಲ್ಲೇ ಅದರ ಅರ್ಥ ಇದೆ. ಬಸವಣ್ಣನವರ ಅಂಕಿತವೇ ಈ ಊರಿನ ದೇವರದು. ಆದ್ದರಿಂದ ಮಂಟಪವನ್ನು ಇದ್ದಲ್ಲಿಯೇ ಬಿಟ್ಟು, ನೀರನ್ನು ಹೊರಗೆ ನಿಲ್ಲಿಸುವ ಸುತ್ತುಗೋಡೆಯ ಉಪಾಯ ಮಾಡಿದರು. ಜಲಾಶಯದ ಮಟ್ಟ ಗೊತ್ತಿತ್ತು, ಮಂಟಪದ ಮಟ್ಟ ಗೊತ್ತಿತ್ತು, ಗೋಡೆ ಎಷ್ಟು ಎತ್ತರ ಇರಬೇಕೆಂಬುದು ಅದರಿಂದಲೇ ತಿಳಿಯಿತು. ಭಕ್ತಿಗೂ ತಂತ್ರಜ್ಞಾನಕ್ಕೂ ಇಲ್ಲಿ ವಿರೋಧ ಉಳಿಯಲಿಲ್ಲ. ಏನನ್ನು ಉಳಿಸಬೇಕೆಂಬುದು ಮೊದಲೇ ಖಚಿತವಾಗಿತ್ತು, ತಂತ್ರಜ್ಞಾನ ಅದಕ್ಕೆ ದಾರಿ ಹುಡುಕಿತು.

ರೈತರೇ ಕಟ್ಟಿದ ಬ್ಯಾರೇಜು

ಇದೇ ಜಿಲ್ಲೆಯಲ್ಲಿ, ಆಲಮಟ್ಟಿಗಿಂತ ಮೇಲೆ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಇನ್ನೊಂದು ರೀತಿಯ ಉತ್ತರ ಹುಟ್ಟಿತು. ಮಳೆಗಾಲದಲ್ಲಿ ತುಂಬಿ ಹರಿಯುವ ಕೃಷ್ಣೆ ಬೇಸಿಗೆಯಲ್ಲಿ ಒಣಗಿ, ದಂಡೆಯ ಪಂಪ್‌ಸೆಟ್‌ಗಳು ಸುಮ್ಮನಾಗುತ್ತಿದ್ದವು. ಬ್ಯಾರೇಜು ಕಟ್ಟಿಕೊಡಿ ಎಂದು ರೈತರು ಸರ್ಕಾರವನ್ನು ಕೇಳಿದರು. ಕೆಲಸ ಆಗಲಿಲ್ಲ. ಸಿದ್ದು ನ್ಯಾಮಗೌಡ ಅವರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡು, ತಮ್ಮ ಹಣ ಹಾಕಿ, ತಾವೇ ದುಡಿದು, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ ಮುಗಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು.

ಮುಂದಾಳನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ನಿಂತ ನ್ಯಾಮಗೌಡರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರನ್ನು ಸೋಲಿಸಿದಾಗ ದೇಶವೇ ಈ ಬ್ಯಾರೇಜಿನ ಕಡೆ ತಿರುಗಿ ನೋಡಿತು.

ಆ ವರ್ಷಗಳಲ್ಲಿ ಕರ್ನಾಟಕದ ಬೇರೆ ಕಡೆಗಳಲ್ಲಿ ಚಳವಳಿ ಎಂದರೆ ಹೆಚ್ಚಾಗಿ ತಡೆಯುವ ಕೆಲಸವಾಗಿತ್ತು. ಕೈಗಾದ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು ಬೀದಿಗಿಳಿದಿದ್ದರು. ನೀಲಗಿರಿ ನೆಡುತೋಪಿನ ವಿರುದ್ಧ 1987ರಲ್ಲಿ ಧಾರವಾಡ ಸೀಮೆಯ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ತಂತ್ರಜ್ಞಾನದ ವಿಷಯದಲ್ಲಿ ತಜ್ಞರದೇ ಕೊನೆಯ ಮಾತಲ್ಲ ಎಂಬುದು ಈ ಎಲ್ಲ ಚಳವಳಿಗಳ ಸಾರ. ಚಿಕ್ಕಪಡಸಲಗಿಯ ರೈತರೂ ಅದನ್ನೇ ಹೇಳಿದರು, ಆದರೆ ಕಟ್ಟಿ ತೋರಿಸಿ ಹೇಳಿದರು. ಎಲ್ಲಿ ಕಟ್ಟಬೇಕು, ಎಷ್ಟೆತ್ತರ ಕಟ್ಟಬೇಕು, ಯಾರ ಹೊಲಕ್ಕೆ ಎಷ್ಟು ನೀರು ಎಂಬುದನ್ನು ನೀರು ಬಳಸುವವರೇ ಕೂತು ತೀರ್ಮಾನಿಸಿದ ಅಪರೂಪದ ಉದಾಹರಣೆ ಇದು.

ಮುಂದೆ ಆಲಮಟ್ಟಿ ತುಂಬಿದಾಗ ಅದರ ಹಿನ್ನೀರು ಈ ಬ್ಯಾರೇಜನ್ನೂ ಮುಳುಗಿಸಿತು. ರೈತರು ಹಾಕಿದ ಲೆಕ್ಕದ ಮೇಲೆ ಇನ್ನೊಂದು ದೊಡ್ಡ ಲೆಕ್ಕ ಬಂದು ಕೂತಿತು.

ಹಣ ನಿಲ್ಲಿಸಿದ ಬ್ಯಾಂಕು

ಆಲಮಟ್ಟಿ ಮತ್ತು ನಾರಾಯಣಪುರ ಯೋಜನೆಗೆ ವಿಶ್ವಬ್ಯಾಂಕ್ 1978ರಲ್ಲಿ ಒಮ್ಮೆ, 1989ರಲ್ಲಿ ಮತ್ತೊಮ್ಮೆ ಸಾಲ ಕೊಟ್ಟಿತು. ಅಣೆಕಟ್ಟು ಮತ್ತು ಕಾಲುವೆಯ ಕೆಲಸ ಒಂದು ವೇಗದಲ್ಲಿ ಸಾಗಿದರೆ, ಮನೆ-ಹೊಲ ಕಳೆದುಕೊಂಡವರ ಪುನರ್ವಸತಿ ಬೇರೆಯೇ ವೇಗದಲ್ಲಿ ತೆವಳಿತು. ಮುಳುಗಡೆಯಾಗುವುದು ಬಹುತೇಕ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ನದಿ ದಂಡೆಯ ಕಪ್ಪು ಭೂಮಿ, ನೀರು ಸಿಗುವುದು ಬಹುತೇಕ ಬೇರೆ ಜಿಲ್ಲೆಗಳಿಗೆ. ಕಳೆದುಕೊಳ್ಳುವವರೂ ಪಡೆಯುವವರೂ ಒಂದೇ ಜನ ಅಲ್ಲದಿದ್ದಾಗ ಅನ್ಯಾಯ ಸುಲಭವಾಗಿ ಮರೆಗೆ ಸರಿಯುತ್ತದೆ.

ಆಗ ನರ್ಮದೆಯ ದಂಡೆಯಲ್ಲಿ ಸರ್ದಾರ್ ಸರೋವರದ ವಿರುದ್ಧದ ಹೋರಾಟ ಜೋರಾಗಿತ್ತು. 1992ರಲ್ಲಿ ಬಂದ ಮೋರ್ಸ್ ಸಮಿತಿಯ ವರದಿ ಅಲ್ಲಿನ ಪುನರ್ವಸತಿಯ ಲೋಪಗಳನ್ನು ಎತ್ತಿ ತೋರಿಸಿತು. 1993ರಲ್ಲಿ ಆ ಯೋಜನೆಗೆ ವಿಶ್ವಬ್ಯಾಂಕಿನ ಸಾಲ ನಿಂತಿತು. ಕೃಷ್ಣೆಯ ವಿಷಯದಲ್ಲೂ ಬ್ಯಾಂಕ್ ಇದೇ ಕಾರಣಕ್ಕೆ 1992ರಲ್ಲಿ ಒಮ್ಮೆ, 1995ರಲ್ಲಿ ಮತ್ತೊಮ್ಮೆ ಹಣ ಬಿಡುಗಡೆಯನ್ನು ತಡೆಹಿಡಿಯಿತು. ಸಂತ್ರಸ್ತರ ಅರ್ಜಿ, ಧರಣಿಗಳಿಂದ ಅಲುಗಾಡದ ಕಡತಗಳು ಹಣ ನಿಂತಾಗ ಅಲುಗಾಡಿದವು. ಪುನರ್ವಸತಿಗೆಂದೇ ಹಿರಿಯ ಅಧಿಕಾರಿಗಳು, ಪ್ರತ್ಯೇಕ ಕಚೇರಿಗಳು ಬಂದವು. ವರ್ಷಗಟ್ಟಲೆ ಕೋರ್ಟಿನಲ್ಲಿ ಎಳೆದಾಡುವ ಬದಲು ಒಪ್ಪಿಗೆಯ ಮೇಲೆ ಪರಿಹಾರ ತೀರ್ಮಾನಿಸುವ ಪದ್ಧತಿಗೆ ಒತ್ತು ಸಿಕ್ಕಿತು.

ಬಾಗಲಕೋಟೆ ಪಟ್ಟಣದ ಕಥೆಯೂ ಇದರೊಳಗೇ ಇದೆ. ಘಟಪ್ರಭೆಯ ದಂಡೆಯ ಹಳೆಯ ಊರಿನ ದೊಡ್ಡ ಭಾಗ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ದೂರದ ದಿಬ್ಬದ ಮೇಲೆ ನವನಗರ ಎದ್ದಿತು. ಓಣಿಗಳ ಹೆಸರು ಹೋಗಿ ಸೆಕ್ಟರ್ ನಂಬರು ಬಂದವು. ರಸ್ತೆ ಅಗಲವಾದವು, ಚರಂಡಿ ಆದವು, ಶಾಲೆ-ಕಾಲೇಜು ಬಂದವು. ಆದರೆ ಒಂದೇ ಓಣಿಯ ನೇಕಾರ, ವ್ಯಾಪಾರಿ, ಕೂಲಿಕಾರರು ಬೇರೆ ಬೇರೆ ದಿಕ್ಕಿಗೆ ಚದುರಿದರು. ಹಳೆಯ ಊರಿನ ಉಳಿದ ಭಾಗ ಹಿನ್ನೀರಿನ ಅಂಚಿನಲ್ಲಿ ಇನ್ನೂ ಇದೆ. ಅಲ್ಲಿಯವರಿಗೆ ನೀರಿನ ಮಟ್ಟ ಎಂಬುದು ಪತ್ರಿಕೆಯಲ್ಲಿ ಓದುವ ಸುದ್ದಿಯಲ್ಲ, ಮನೆ ರಿಪೇರಿ ಮಾಡಿಸಬೇಕೋ ಬೇಡವೋ ಎಂಬ ದಿನದ ಚಿಂತೆ.

519 ಮತ್ತು 524

ಜಿಲ್ಲೆಯ ಚಹಾ ಅಂಗಡಿಗಳಲ್ಲೂ ಕೇಳಿಬರುವ ಎರಡು ಅಂಕಿಗಳಿವೆ: 519 ಮತ್ತು 524. ಒಂದು ಆಲಮಟ್ಟಿ ಜಲಾಶಯದ ಈಗಿನ ಪೂರ್ಣ ಮಟ್ಟ, 519.6 ಮೀಟರ್. ಇನ್ನೊಂದು ಕರ್ನಾಟಕ ಮುಟ್ಟಬೇಕೆಂದಿರುವ ಮಟ್ಟ, 524.256 ಮೀಟರ್. ವ್ಯತ್ಯಾಸ ಐದು ಮೀಟರಿಗೂ ಕಡಿಮೆ, ಸುಮಾರು ಹದಿನೈದು ಅಡಿ. ಆದರೆ ಜಲಾಶಯ ಬಾನಿಯಂತೆ ನೇರ ಗೋಡೆಯದಲ್ಲ, ತಟ್ಟೆಯಂತೆ ಮೇಲೆ ಹೋದಷ್ಟೂ ಅಗಲವಾಗುತ್ತದೆ. ಅದಕ್ಕಾಗಿಯೇ 519.6 ಮೀಟರಿಗೆ ಸುಮಾರು 123 ಟಿಎಂಸಿ ನೀರು ಹಿಡಿದರೆ, 524.256ಕ್ಕೆ ಸುಮಾರು 200 ಟಿಎಂಸಿ ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕೊನೆಯ ಹದಿನೈದು ಅಡಿಯಲ್ಲಿ ಇಷ್ಟು ನೀರು ಸಿಗುವುದೂ, ಇಷ್ಟು ಭೂಮಿ ಮುಳುಗುವುದೂ ಒಂದೇ ಕಾರಣದಿಂದ.

1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ ಕೃಷ್ಣೆಯ 2,060 ಟಿಎಂಸಿ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಎಂದು ಹಂಚಿತು. ಅದರ ಅಂತಿಮ ಆದೇಶ ಬಂದದ್ದು 1976ರಲ್ಲಿ. ತನ್ನ 700ರಲ್ಲಿ 173 ಟಿಎಂಸಿಯನ್ನು ಕರ್ನಾಟಕ ಮೇಲ್ದಂಡೆ ಯೋಜನೆಯ ಮೊದಲ ಎರಡು ಹಂತಗಳಿಗೆ ಇಟ್ಟುಕೊಂಡಿತು. ಇಷ್ಟು ನೀರಿಗೆ 524 ಮೀಟರಿನ ಅಣೆಕಟ್ಟು ಏಕೆ ಎಂಬುದು ಆಂಧ್ರದ ಪ್ರಶ್ನೆ. ಮೇಲೆ ನೀರು ನಿಲ್ಲಿಸಿದರೆ ಶ್ರೀಶೈಲ, ನಾಗಾರ್ಜುನಸಾಗರಗಳಿಗೆ ಮಳೆಗಾಲದ ಆರಂಭದ ನೀರು ತಡವಾಗುತ್ತದೆ ಎಂಬುದು ಅದರ ಆತಂಕ. ನೀರು ಹಿಡಿದಿಡುವುದೇ ಬೇರೆ, ಬಳಸುವುದೇ ಬೇರೆ, ಪಾಲನ್ನು ಅಳೆಯಬೇಕಾದದ್ದು ಕಾಲುವೆಯಲ್ಲಿ, ಗೋಡೆಯಲ್ಲಿ ಅಲ್ಲ ಎಂಬುದು ಕರ್ನಾಟಕದ ಉತ್ತರ.

1996ರಲ್ಲಿ ದೆಹಲಿಯಲ್ಲಿ ಸಂಯುಕ್ತ ರಂಗದ ಸರ್ಕಾರ ಬಂದು, ಕನ್ನಡಿಗರಾದ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ವಿವಾದಕ್ಕೆ ರಾಜಕೀಯದ ಬಿಸಿಯೂ ತಟ್ಟಿತು. ಅದೇ ರಂಗದ ಪ್ರಮುಖರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಕೂಡ ಒಬ್ಬರು. ಆಗ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಲಾಯಿತು. 173 ಟಿಎಂಸಿ ಬಳಕೆಗೆ 519.6 ಮೀಟರ್ ಸಾಕು ಎಂದು ಸಮಿತಿ ಹೇಳಿತು. ಕರ್ನಾಟಕ ಅದನ್ನು ಅಂತಿಮವೆಂದು ಒಪ್ಪಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಏಪ್ರಿಲ್ 25ರಂದು ಬಂದ ತೀರ್ಪು 519.6 ಮೀಟರ್‌ವರೆಗೆ ದಾರಿ ಬಿಟ್ಟು, ಅದಕ್ಕೂ ಮೇಲಿನ ಪ್ರಶ್ನೆಯನ್ನು ಹೊಸ ನ್ಯಾಯಮಂಡಳಿಗೆ ಬಿಟ್ಟಿತು.

2004ರಲ್ಲಿ ರಚನೆಯಾದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು 524.256 ಮೀಟರಿಗೆ ಒಪ್ಪಿಗೆ ನೀಡಿತು. ಮೂರನೆಯ ಹಂತಕ್ಕೆ 130 ಟಿಎಂಸಿ ನೀರನ್ನೂ ಹಂಚಿಕೆ ಮಾಡಿತು. 2013ರ ಹೆಚ್ಚುವರಿ ವರದಿಯಲ್ಲೂ ಎತ್ತರದ ತೀರ್ಮಾನ ಬದಲಾಗಲಿಲ್ಲ. ಆದರೆ 2011ರಲ್ಲೇ ಸುಪ್ರೀಂ ಕೋರ್ಟ್ ಈ ತೀರ್ಪು ಕೇಂದ್ರದ ಗೆಜೆಟಿನಲ್ಲಿ ಪ್ರಕಟವಾಗುವುದನ್ನು ತಡೆದಿತ್ತು. ಗೆಜೆಟಿನಲ್ಲಿ ಪ್ರಕಟವಾಗದೆ ನ್ಯಾಯಮಂಡಳಿಯ ತೀರ್ಪು ಜಾರಿಗೆ ಬರುವುದಿಲ್ಲ. ಹೀಗಾಗಿ 524 ಎಂಬ ಅಂಕಿ ಗೆದ್ದೂ ಗೆಲ್ಲದ ಸ್ಥಿತಿಯಲ್ಲಿ ಉಳಿದಿದೆ.

ಹಿನ್ನೀರು ಎಲ್ಲಿಯವರೆಗೆ?

2005 ಮತ್ತು 2019ರ ಪ್ರವಾಹಗಳಲ್ಲಿ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಲಾಪುರ ಜಿಲ್ಲೆಗಳು ಮುಳುಗಿದಾಗ ವಾದ ಮೇಲ್ದಿಕ್ಕಿಗೆ ತಿರುಗಿತು. ಅಲ್ಲಿಯ ಜನರ ಬೆರಳು ಆಲಮಟ್ಟಿಯ ಕಡೆ ಚಾಚಿತು. ಈ ಆರೋಪದ ಹಿಂದೆ ಒಂದು ನಿಜವಾದ ವೈಜ್ಞಾನಿಕ ಪ್ರಶ್ನೆ ಇದೆ. ನಿಂತ ನೀರಿನ ಮೇಲ್ಮೈ ಸಮತಟ್ಟು, ಹರಿಯುವ ನೀರಿನ ಮೇಲ್ಮೈ ಹಾಗಲ್ಲ. ಹೊಲದ ಕಾಲುವೆಗೆ ಹಲಗೆ ಅಡ್ಡ ಇಟ್ಟ ರೈತನಿಗೆ ಇದು ಗೊತ್ತು. ನೀರು ಹಲಗೆಯ ಬಳಿ ಮಾತ್ರ ಏರುವುದಿಲ್ಲ, ಹಿಂದಕ್ಕೂ ಸ್ವಲ್ಪ ದೂರದವರೆಗೆ ಏರುತ್ತದೆ, ಹಿಂದೆ ಹೋದಂತೆ ಆ ಏರಿಕೆ ಕಡಿಮೆಯಾಗುತ್ತಾ ಕೊನೆಗೆ ಇಲ್ಲವಾಗುತ್ತದೆ. ಜಲಾಶಯಕ್ಕೆ ಮಹಾಪೂರ ಬರುತ್ತಿರುವಾಗ ಆ ಏರಿಕೆ ಎಲ್ಲಿ ಇಲ್ಲವಾಗುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ನದಿಯ ಇಳಿಜಾರು, ಪಾತ್ರದ ಅಗಲ, ತುಂಬಿದ ಹೂಳು, ನಡುವಿನ ಸೇತುವೆ-ಬ್ಯಾರೇಜುಗಳು, ಗೇಟು ತೆಗೆದ ಗಳಿಗೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಅದನ್ನು ಹೇಳಬೇಕಾಗುತ್ತದೆ.

ಕರ್ನಾಟಕ ಮುಂದಿಡುವ ಒಂದು ಅಂಶ ಹಿಪ್ಪರಗಿ ಬ್ಯಾರೇಜು. ಆಲಮಟ್ಟಿಗೂ ಮಹಾರಾಷ್ಟ್ರದ ಗಡಿಗೂ ನಡುವೆ ಇರುವ ಅದರ ಪೂರ್ಣ ಮಟ್ಟವೇ 524.87 ಮೀಟರ್. ಎಂದರೆ ಆಲಮಟ್ಟಿ ಮುಂದೆ ಮುಟ್ಟಬೇಕಾದ ಮಟ್ಟಕ್ಕಿಂತಲೂ ಮೇಲೆ. ಮಹಾರಾಷ್ಟ್ರದ ಆಕ್ಷೇಪವನ್ನು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಲಿಲ್ಲ. 2019ರ ಪ್ರವಾಹದ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡನೆರೆ ಸಮಿತಿ 2020ರಲ್ಲಿ ಕೊಟ್ಟ ವರದಿಯೂ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದಿತು. ಅತಿಯಾದ ಮಳೆ ಮತ್ತು ನದಿ ಪಾತ್ರದ ಒತ್ತುವರಿಯತ್ತ ಅದು ಬೊಟ್ಟು ಮಾಡಿತು. ಆದರೂ 2025ರಲ್ಲಿ ಎತ್ತರದ ಮಾತು ಮತ್ತೆ ಎದ್ದಾಗ ಮಹಾರಾಷ್ಟ್ರ ಮತ್ತೆ ವಿರೋಧಿಸಿತು.

ತಜ್ಞರ ವರದಿ ಬಂದ ಮೇಲೂ ಸಂಶಯ ಉಳಿಯುವುದೇಕೆ? ಮನೆಯೊಳಗೆ ನೀರು ಬಂದವನಿಗೆ ವರದಿಯ ತೀರ್ಮಾನ ತಲುಪುತ್ತದೆಯೇ ಹೊರತು ಅದರ ಲೆಕ್ಕ ತಲುಪುವುದಿಲ್ಲ. ಗಡಿಯ ಈಚೆಯೂ ಇದೇ ಮಾತು ನಿಜ. ಮುಳುಗಡೆ ರೇಖೆ ಒಬ್ಬನ ಹೊಲದ ಬದುವಿನ ಈಚೆ ನಿಂತಿತೋ ಆಚೆ ನಿಂತಿತೋ ಎಂಬುದರ ಮೇಲೆ ಆ ಕುಟುಂಬದ ಭವಿಷ್ಯ ನಿಂತಿದೆ. ಆ ರೇಖೆ ಎಳೆದ ಸರ್ವೆಯನ್ನು ಅವನು ಓದುವಂತೆ, ಪ್ರಶ್ನಿಸುವಂತೆ ಮುಂದಿಟ್ಟ ಸಂದರ್ಭಗಳು ಕಡಿಮೆ.

ಲೆಕ್ಕ ಯಾರ ಕೈಯಲ್ಲಿ?

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮೂರನೆಯ ಹಂತದ ಪರಿಹಾರದ ದರ ತೀರ್ಮಾನಿಸಿತು. 524.256 ಮೀಟರಿಗೆ ನೀರು ನಿಂತರೆ ಮುಳುಗುವ ಭೂಮಿ 75,563 ಎಕರೆ. ಇದರಲ್ಲಿ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ. ಮೊದಲ ಹಂತಗಳಲ್ಲಿ ಭೂಮಿ ಬಿಟ್ಟುಕೊಟ್ಟವರ ಪಾಲಿಗೆ ಕನಸಿನಲ್ಲೂ ಇಲ್ಲದ ಮೊತ್ತ ಇದು. 2014ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ ಪರಿಹಾರವನ್ನು ಹೆಚ್ಚಿಸಿತು, ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಕಡ್ಡಾಯ ಮಾಡಿತು. ದೇಶದಾದ್ಯಂತ ಮುಳುಗಡೆಯಾದವರ, ಭೂಮಿ ಕಳೆದುಕೊಂಡವರ ದಶಕಗಳ ಹೋರಾಟದ ಫಲ ಅದು. ಆದರೆ ದರ ತೀರ್ಮಾನವಾದದ್ದಕ್ಕೂ ಹಣ ಕೈಗೆ ಬರುವುದಕ್ಕೂ ನಡುವಿನ ದಾರಿ ಎಷ್ಟು ಉದ್ದ ಎಂಬುದು ಈ ದಂಡೆಯವರಿಗೆ ಚೆನ್ನಾಗಿ ಗೊತ್ತು.

ಹಿಂತಿರುಗಿ ನೋಡಿದರೆ, ಕೃಷ್ಣೆಯ ವಾದಗಳನ್ನು ವಿಜ್ಞಾನದ ಪರ ಮತ್ತು ವಿಜ್ಞಾನದ ವಿರೋಧ ಎಂದು ಎರಡು ಸಾಲಾಗಿ ನಿಲ್ಲಿಸಲು ಬರುವುದಿಲ್ಲ. ಅಣೆಕಟ್ಟು ಬೇಕೆಂದವರೂ, ಪರಿಹಾರ ಸಾಲದೆಂದವರೂ, ಎತ್ತರ ಬೇಡವೆಂದ ನೆರೆ ರಾಜ್ಯದವರೂ ಮೀಟರ್ ಮತ್ತು ಟಿಎಂಸಿಗಳಲ್ಲೇ ಮಾತನಾಡಿದರು. ಉಳಿಸಬೇಕಾದದ್ದು ಯಾವುದೆಂದು ಮೊದಲೇ ಒಪ್ಪಿಕೊಂಡಲ್ಲಿ ಐಕ್ಯ ಮಂಟಪಕ್ಕೆ ಗೋಡೆ ಎದ್ದಿತು. ನೀರು ಬೇಕಾದವರೇ ಲೆಕ್ಕ ಹಾಕಿದಲ್ಲಿ ಶ್ರಮಬಿಂದು ಸಾಗರ ಆಯಿತು. ಲೆಕ್ಕ ದೂರದಲ್ಲಿ ನಡೆದು ಫಲಿತಾಂಶ ಮಾತ್ರ ಊರಿಗೆ ಬಂದಲ್ಲಿ ಅರ್ಜಿ, ಧರಣಿ, ಕೋರ್ಟು, ಗೆಜೆಟು ಎಂದು ಪೀಳಿಗೆಗಳೇ ಕಳೆದವು.

ಇನ್ನು ಹದಿನೈದು ಅಡಿ ನೀರು ಏರಬೇಕೆನ್ನುವ ಈ ಹೊತ್ತಿನಲ್ಲಿ, ಹಿನ್ನೀರಿನ ನಕ್ಷೆಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವುದು, ಪ್ರವಾಹದ ದಿನಗಳಲ್ಲಿ ಮಟ್ಟ ಮತ್ತು ಹೊರಹರಿವಿನ ಅಂಕಿಗಳನ್ನು ಎರಡೂ ರಾಜ್ಯಗಳ ಜನರಿಗೆ ಒಟ್ಟಿಗೆ ತಿಳಿಸುವುದು, ಸರ್ವೆಯ ಕಲ್ಲು ನೆಡುವ ದಿನ ಹೊಲದವನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಕಾಲುವೆ ತೋಡುವಷ್ಟೇ ಮುಖ್ಯವಾದ ಕೆಲಸ. ಖರ್ಚಿನಲ್ಲಿ ಅದು ಯೋಜನೆಯ ತೀರಾ ಸಣ್ಣ ಬಾಬತ್ತು.